ಕರಿ ಅಂಗೈಯ ಮೇಲೊಂದು ಶ್ರೀ

ನನಗೆ ಅಕ್ಷರ ಕಲಿಸಿದವರನ್ನು ನಾನು ಕ್ಷಮಿಸಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗುರುಗಳ ನೆನಪೆಂದರೆ ಕಣ್ಣು ಒದ್ದೆ ಮಾಡಿಕೊಂಡು ಕೈಮುಗಿಯುವ ಬರಹವೇ ಬೇಕು ಎನ್ನುವವರು ಬೇರೆಲ್ಲಾದರೂ ಹುಡುಕಿಕೊಳ್ಳಲಿ. ನಮ್ಮ ಕುರುಗೋಡಿನ ಐನೋರು ನನಗೆ ಓದುಬರಹವನ್ನು ಅರ್ಧ ಕಲಿಸಿದರು, ಹಗೆಯನ್ನು ಪೂರ್ತಿ ಕಲಿಸಿದರು. ಅವರು ಹೋಗಿ ಎಷ್ಟೋ ವರ್ಷವಾಯಿತು. ಆದರೂ ಅವರ ಮಾತು ಬಂದರೆ ಈಗಲೂ ನನ್ನ ಹಲ್ಲು ಕಟಕಟ ಎನ್ನುತ್ತವೆ.

ಆಗ ನಮ್ಮೂರಿಗೆ ಸರಕಾರದ ಶಾಲೆ ಬಂದಿರಲಿಲ್ಲ. ಐನೋರ ಮನೆಯ ಮುಂದಿನ ಕಟ್ಟೆಯೇ ಶಾಲೆ. ಮನೆಯಿಂದ ಗಂಟು ಕಟ್ಟಿ ತಂದ ಮರಳನ್ನು ಮುಂದೆ ಹರವಿಕೊಂಡು ಬೆರಳಿನಿಂದ ಅಕ್ಷರ ತಿದ್ದಬೇಕು. ಹೊತ್ತು ಹುಟ್ಟುವಷ್ಟರಲ್ಲಿ ಎಲ್ಲರೂ ಸೇರಿ, ಬಂದ ಸರದಿಯಲ್ಲೇ ಸಾಲಾಗಿ ನಿಂತು ಕೈ ಚಾಚಬೇಕು. ಎಲ್ಲರಿಗಿಂತ ಮೊದಲು ಬಂದವನ ಅಂಗೈ ಮೇಲೆ ಐನೋರು ಗಂಧದಿಂದ ಶ್ರೀ ಬರೆಯುತ್ತಿದ್ದರು. ಎರಡನೆಯವನಿಗೆ ಒಂದು ಚುಕ್ಕೆ. ಅಂದರೆ ಬಹುಮಾನವೂ ಇಲ್ಲ, ಪೆಟ್ಟೂ ಇಲ್ಲ. ಮೂರನೆಯವನಿಗೆ ಬೆತ್ತದ ಒಂದು ಏಟು, ಅವನ ಹಿಂದಿನವನಿಗೆ ಎರಡು. ಹೀಗೆ ಏರುತ್ತ ಹೋಗಿ ಕೊನೆಗೆ ಬಂದವನ ಕೈ ಬಾತುಕೊಂಡು ಅವತ್ತು ರೊಟ್ಟಿ ಮುರಿಯಲಿಕ್ಕೂ ಆಗುತ್ತಿರಲಿಲ್ಲ. ಹೊಡೆಯುವ ಕೆಲಸ ಶ್ರೀ ಬರೆಸಿಕೊಂಡ ಹುಡುಗನದು. ಐನೋರು ಗೋಡೆಗೆ ಒರಗಿ ನೋಡುತ್ತ ಕೂಡುತ್ತಿದ್ದರು. ಇದಕ್ಕೆ ಅವರು ಇಟ್ಟ ಹೆಸರು ಮರ್ಯಾದೆ ಕಲಿಸುವುದು!

ನಮ್ಮವ್ವ ಹುರಿಯುವವಳು. ಊರ ಕೊನೆಯಲ್ಲಿ ನಮ್ಮ ಗುಡಿಸಲು, ಅದರ ಮುಂದೊಂದು ಭಟ್ಟಿ. ಬಾಂಡಲಿಯ ಕಾದ ಮರಳಿನಲ್ಲಿ ಕಡಲೆ ಹುರಿದು ಪುಟಾಣಿ ಮಾಡುವುದು, ಮಂಡಕ್ಕಿ ಹುರಿಯುವುದು, ಇದೇ ನಮ್ಮ ಬದುಕು. ಅಪ್ಪ ನಾನು ಹುಟ್ಟಿದ ವರ್ಷವೇ ತೀರಿಕೊಂಡಿದ್ದ. ಅವ್ವ ನಸುಕಿನಲ್ಲಿ ಭಟ್ಟಿ ಹೊತ್ತಿಸುವಾಗ ನಾನೂ ಎದ್ದು ಕಟ್ಟಿಗೆ ಒಟ್ಟುತ್ತಿದ್ದೆ, ಬಾಂಡಲಿ ಇಳಿಸಲು ಕೈ ಕೊಡುತ್ತಿದ್ದೆ, ಅಲ್ಲಿಂದ ನೇರ ಐನೋರ ಕಟ್ಟೆಗೆ ಓಡುತ್ತಿದ್ದೆ. ಇಡೀ ಊರಿನಲ್ಲಿ ನಮಗಿಂತ ಮೊದಲು ಏಳುವವರು ಯಾರಿದ್ದರು? ಹಾಗಾಗಿ ಕಟ್ಟೆಗೆ ಮೊದಲು ಬರುವವನು ಯಾವಾಗಲೂ ನಾನೇ. ಆದರೆ ಕೈ ಎಷ್ಟು ತಿಕ್ಕಿ ತೊಳೆದರೂ ಬಾಂಡಲಿಯ ಮಸಿ ಅಂಗೈಯ ಗೆರೆಗಳಲ್ಲಿ ಕೂತಿರುತ್ತಿತ್ತು.

ಮೊದಲ ದಿನ ಸಾಲಿನ ಮುಂದೆ ನಿಂತು ಕೈ ಚಾಚಿದೆ. ಐನೋರು ಗಂಧದ ಬಟ್ಟಲಲ್ಲಿ ಬೆರಳು ಅದ್ದಿದವರು ನನ್ನ ಅಂಗೈ ನೋಡಿ ಬೆರಳು ಹಿಂದಕ್ಕೆಳೆದುಕೊಂಡರು.

“ಇದೇನಲೇ, ಕೈಯೋ ಬಾಂಡ್ಲಿ ತಳಾನೋ? ಕರಿ ಅಂಗೈಯಾಗ ಶ್ರೀ ಹ್ಯಾಂಗ ಕಾಣ್ತೈತಿ? ಸರಿ ಆ ಕಡಿ!”

ಹುಡುಗರೆಲ್ಲ ಕಿಸಕ್ಕನೆ ನಕ್ಕರು. ನನ್ನ ಹಿಂದೆ ನಿಂತಿದ್ದ ಸಾಹುಕಾರರ ಮಗನ ಕೈ ಹಿಡಿದು ಐನೋರು ಶ್ರೀ ಬರೆದರು. ಹೋಗಲಿ, ನನಗೆ ಚುಕ್ಕೆಯಾದರೂ ಇಡಬಹುದಿತ್ತಲ್ಲ? ಅದೂ ಇಲ್ಲ. ಸಾಲಿನ ಕೊನೆಗೆ ಹೋಗಿ ನಿಲ್ಲು ಎಂದರು. ಎಲ್ಲರಿಗಿಂತ ಮೊದಲು ಬಂದ ನಾನು ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದೆ. ಇದು ಒಂದು ದಿನದ ಮಾತಲ್ಲ. ಆ ಕಟ್ಟೆ ಬಿಡುವವರೆಗೂ ನನ್ನ ಬೆಳಗು ಹೀಗೇ ಆಗುತ್ತಿತ್ತು. ಮನೆಗೆ ಹೋದರೆ ಅವ್ವ ಆಸೆಯಿಂದ ಕೇಳುತ್ತಿದ್ದಳು, “ಇವತ್ತೂ ನೀನಾ ಮೊದಲ ಹೋದೆಲ್ಲ, ಶ್ರೀ ಬರದ್ರೇನು?” ನಾನು, “ಬರದ್ರವ್ವ, ಬರೂ ದಾರ್ಯಾಗ ಅಳಿಸಿಹೋತು” ಎನ್ನುತ್ತಿದ್ದೆ. ಆಕೆಯ ಮುಖ ಅರಳುತ್ತಿತ್ತು.

ಮಹಾನವಮಿ ಬಂತೆಂದರೆ ಐನೋರು ಹುಡುಗರ ಮೆರವಣಿಗೆ ಕಟ್ಟಿಕೊಂಡು ಮನೆಮನೆಗೆ ಹೋಗುವುದು ರೂಢಿ. ಹುಡುಗರು ಬಾಗಿಲ ಮುಂದೆ ನಿಂತು ಹಾಡಬೇಕು. ಮನೆಯವರು ಐನೋರಿಗೆ ಕಾಣಿಕೆ ಕೊಟ್ಟು ಹುಡುಗರಿಗೆ ಪುಟಾಣಿ ಬೆಲ್ಲ ಹಂಚಬೇಕು. ಯಾವ ಮನೆಯ ಹುಡುಗ ಕಟ್ಟೆಗೆ ಬರುತ್ತಾನೋ ಆ ಮನೆಗೆ ಐನೋರು ಹೋಗಲೇಬೇಕು, ಅದು ಆ ಮನೆಗೆ ಸಲ್ಲುವ ಮರ್ಯಾದೆ. ಊರೆಲ್ಲ ಹಂಚುವ ಪುಟಾಣಿ ನಮ್ಮವ್ವನ ಬಾಂಡಲಿಯದೇ. ಆ ವರ್ಷ ಆಕೆ ಎಲ್ಲರ ಕಡಲೆ ಹುರಿದು ಕೊಟ್ಟು, ನಮ್ಮದೂ ಒಂದು ಬುಟ್ಟಿ ತೆಗೆದಿಟ್ಟು, ಭಟ್ಟಿ ಆರಿಸಿದಳು. ಅಂಗಳ ಸಾರಿಸಿದಳು. ಪಕ್ಕದ ಮನೆಯಿಂದ ಕಂಬಳಿ ಕೇಳಿ ತಂದು ಐನೋರು ಕೂಡಲೆಂದು ಹಾಸಿದಳು. ಮುಖ ತಿಕ್ಕಿ ತೊಳೆದು, ತಲೆ ತುಂಬ ಸೆರಗು ಹೊದ್ದು ಬಾಗಿಲಲ್ಲಿ ನಿಂತಳು.

ಮೆರವಣಿಗೆ ನಮ್ಮ ಓಣಿಗೆ ಬಂತು. ಮುಂದಿನ ಸಾಲಿನಲ್ಲೇ ನಾನಿದ್ದೆ. ನಮ್ಮ ಅಂಗಳ ಬಂದರೂ ಐನೋರ ಕಾಲು ನಿಲ್ಲಲಿಲ್ಲ. ಅವ್ವ ಗಾಬರಿಯಾಗಿ ಮುಂದೆ ಬಂದಳು.

“ಐನೋರ, ಇಲ್ಲೇರಿ, ಇದಾ ಮನೀರಿ. ನಮ್ಮ ಹುಡುಗ ನಿಮ್ಮ ಕಟ್ಟಿಗೇ ಬರ್ತಾನ್ರಿ.”

“ಹುರಿಯಾಕಿ ಮನಿ ಮುಂದ ಹಾಡಿದ್ರ ಸರಸ್ವತಿಗೆ ಮಸಿ ಹತ್ತತೈತಬೇ,” ಎಂದು ಐನೋರು ನಗುತ್ತ ಮುಂದೆ ನಡೆದರು. ಹಿಂದಿದ್ದ ಹುಡುಗರೂ ನಕ್ಕರು. ಅವರ ಮಡಿಲಲ್ಲಿದ್ದ ಪುಟಾಣಿ ಮಾತ್ರ ನಮ್ಮವ್ವ ಹುರಿದದ್ದೇ. ಥೂ!

ಅವ್ವ ಅಳಲಿಲ್ಲ. ಕಂಬಳಿ ಝಾಡಿಸಿ ಮಡಿಚಿ ಪಕ್ಕದ ಮನೆಗೆ ಕೊಟ್ಟು ಬಂದಳು. ಆಮೇಲೆ ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು. ಅಂಗೈ ತುಂಬ ಬೆತ್ತದ ಬಾಸುಂಡೆ. ನನ್ನ ಸುಳ್ಳು ಅವತ್ತು ಆಕೆಗೆ ತಿಳಿಯಿತು. ಆರಿಸಿದ್ದ ಭಟ್ಟಿಯನ್ನು ಮತ್ತೆ ಹೊತ್ತಿಸಿದಳು. ಕಟ್ಟಿಗೆ ನೂಕುತ್ತ, ನನ್ನ ಕಡೆ ನೋಡದೆ ಅಂದಳು, “ಕಲಿ. ಅಂವಗ ಬರೂದೆಲ್ಲಾ ಕಲ್ತ್ಕೋ. ಆಮ್ಯಾಲ ನೋಡೂಣು.”

ನಾನು ಆ ಬೆಂಕಿಯ ಮುಂದೆ ಕೂತು ಒಂದು ಹಟ ಹಿಡಿದೆ. ನಾನೂ ಮೇಷ್ಟ್ರಾಗಬೇಕು. ಇದೇ ಊರಿನಲ್ಲಿ ಮೆರವಣಿಗೆ ಕಟ್ಟಬೇಕು. ಅದು ಮೊದಲು ನಮ್ಮವ್ವನ ಅಂಗಳದಲ್ಲಿ ನಿಲ್ಲಬೇಕು, ಆಮೇಲೆ ಐನೋರ ಬಾಗಿಲ ಮುಂದೆ ನಿಲ್ಲದೆ ದಾಟಿ ಹೋಗಬೇಕು. ಅವರು ಕಂಬಳಿ ಹಾಸಿಕೊಂಡು ಕಾಯುತ್ತಿರಬೇಕು, ನಾನು ನಗುತ್ತ ಹೋಗಬೇಕು. ಬೇರೆ ಮಕ್ಕಳು ದೇವರಲ್ಲಿ ಏನೇನೋ ಬೇಡಿಕೊಳ್ಳುತ್ತಾರೆ, ನಾನು ಬೇಡಿಕೊಂಡದ್ದು ಇಷ್ಟೇ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನ ಸೋದರಮಾವ ಮಂಡಕ್ಕಿ ಮಾರುತ್ತಿದ್ದ. ಐನೋರ ಕಟ್ಟೆಯಲ್ಲಿ ಕಲಿಯುವುದು ಮುಗಿದ ಮೇಲೆ ಅವ್ವ ನನ್ನನ್ನು ಅವನ ಮನೆಗೆ ಕಳಿಸಿದಳು. ದಾರಿಯಲ್ಲಿ ಕೊಳಗಲ್ಲು ಊರಿನ ಹತ್ತಿರ ಬಾವಿಯ ನೀರು ಕುಡಿದು, ಬುತ್ತಿ ಬಿಚ್ಚಿ ತಿಂದು, ನಡೆದೇ ಹೋದೆ. ಬೆಳಿಗ್ಗೆ ಸಂಜೆ ಮಾವನ ಅಂಗಡಿ, ನಡುವೆ ಶಾಲೆ. ದೊಡ್ಡವನಾದ ಮೇಲೆ ಮೇಷ್ಟ್ರುಗಳನ್ನು ತಯಾರು ಮಾಡುವ ಶಾಲೆಗೆ ಸೇರಿದೆ. ಕೋಟೆಯ ಗುಡ್ಡದ ಬಂಡೆಗಳು ಬೇಸಿಗೆಯಲ್ಲಿ ಭಟ್ಟಿಯ ಹಾಗೆ ಕಾಯುತ್ತಿದ್ದವು. ಜೊತೆಯವರು ಬೇಸತ್ತು ಊರಿಗೆ ಓಡಿಹೋದರೂ ನಾನು ಜಗ್ಗಲಿಲ್ಲ. ಓದಿನ ಪ್ರೀತಿ ಎಂದು ಎಲ್ಲರೂ ಹೊಗಳಿದರು. ಪ್ರೀತಿಯಂತೆ ಪ್ರೀತಿ! ದೀಪದ ಮುಂದೆ ತೂಕಡಿಕೆ ಬಂದರೆ ಅವ್ವ ಕಂಬಳಿ ಮಡಿಚುತ್ತಿದ್ದುದನ್ನು ನೆನೆಯುತ್ತಿದ್ದೆ, ನಿದ್ದೆ ಹಾರಿಹೋಗುತ್ತಿತ್ತು.

ಮೊದಲ ಕೆಲಸ ಸಿರುಗುಪ್ಪದಲ್ಲಿ ಸಿಕ್ಕಿತು. ಶಾಲೆಗೆ ಕಾಲಿಟ್ಟ ದಿನ ಹುಡುಗರು ತಾವಾಗಿಯೇ ಸಾಲಾಗಿ ನಿಂತು, ಕೈ ಚಾಚಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ಹಿಂದಿನ ಮೇಷ್ಟ್ರ ಬೆತ್ತ ಮೂಲೆಯಲ್ಲಿ ಎಣ್ಣೆ ಕುಡಿದು ಮಿರಿಮಿರಿ ಮಿಂಚುತ್ತಿತ್ತು. ಅದನ್ನು ನೋಡಿದ್ದೇ ತಡ, ನನಗೆ ನಮ್ಮ ಐನೋರು ಕಣ್ಣಮುಂದೆ ಬಂದರು. ಅವರು ಮಾಡಿದ್ದಕ್ಕೆಲ್ಲ ತಿರುಗಾಮುರುಗಾ ಮಾಡುತ್ತೇನೆ ಎಂದುಕೊಂಡೆ. ಬೆತ್ತವನ್ನು ಒಲೆಗೆ ಹಾಕಿ, ಗಂಧದ ಕೊರಡು ತರಿಸಿದೆ.

ಹೊಸ ಪದ್ಧತಿ ಹೀಗೆ. ಮೊದಲು ಬಂದ ಹುಡುಗ ಬಾಗಿಲಲ್ಲಿ ನಿಂತು, ಎರಡನೆಯವನನ್ನು ಮದುವೆ ಮನೆಗೆ ಬಂದವರನ್ನು ಕರೆದ ಹಾಗೆ “ಬರ್ರಿ” ಎಂದು ಕರೆದು, ಅವನ ಅಂಗೈ ಮೇಲೆ ಶ್ರೀ ಬರೆಯಬೇಕು. ಎರಡನೆಯವನು ಮೂರನೆಯವನಿಗೆ ಬರೆಯಬೇಕು. ಹೀಗೆ ಪೆಟ್ಟು ಏರುತ್ತಿದ್ದ ಸಾಲಿನಲ್ಲೇ ಶ್ರೀ ಕೈಯಿಂದ ಕೈಗೆ ಹೋಗಬೇಕು. ಎಲ್ಲರಿಗಿಂತ ಕೊನೆಗೆ ಬಂದವನು ನನ್ನ ಅಂಗೈ ಮೇಲೆ ಬರೆಯಬೇಕು. ಯಾರಾದರೂ ಯಾರನ್ನಾದರೂ ಕುಂಟ, ಮೆಳ್ಳ ಎಂದು ಹೀಯಾಳಿಸಿದರೆ, ಹೋಗಿ ಅವನ ಕೈ ಹಿಡಿದು ಎಲ್ಲರೆದುರು ಮತ್ತೊಮ್ಮೆ ಶ್ರೀ ಬರೆಯಬೇಕು. ಅದೇ ಶಿಕ್ಷೆ. ಬೆತ್ತಕ್ಕೆ ಅಂಜದ ಹುಡುಗರೂ ಇದಕ್ಕೆ ಅಂಜುತ್ತಿದ್ದರು. ಈಗತಾನೇ ಕೈ ಹಿಡಿದು ಬರೆದವನನ್ನು ಬೈಯುವುದಕ್ಕೆ ಅವರಿಗೂ ನಾಚಿಕೆ.

ಆದರೆ ನಾನೊಂದು ಎಡವಟ್ಟು ಮಾಡಿಕೊಂಡಿದ್ದೆ. ಕೆಲವೇ ದಿನದಲ್ಲಿ ಒಂದು ಬೆಳಿಗ್ಗೆ ಹೊತ್ತು ಮಾರುದ್ದ ಏರಿದರೂ ಶಾಲೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಸಿಟ್ಟಿನಿಂದ ಹೊಳೆಯ ಕಡೆ ಹೊರಟರೆ ಇಡೀ ಶಾಲೆ ಹುಣಸೆಮರದ ಹಿಂದೆ ಅಡಗಿ ಕೂತಿದೆ!

“ನೀ ಮೊದಲ ಹೋಗಲೇ.”

“ನಾ ಯಾಕ ಹೋಗ್ಲಿ? ನೀ ಹೋಗು. ನಾ ಮೇಷ್ಟ್ರ ಕೈಮ್ಯಾಲ ಬರೀಬೇಕು.”

ಎಲ್ಲರಿಗೂ ಕೊನೆಯವನಾಗುವ ಆಸೆ. ಮೇಷ್ಟ್ರ ಕೈ ಹಿಡಿದು ಬರೆಯುವುದೆಂದರೆ ಅವರಿಗೆ ಅಂಬಾರಿ ಏರಿದಷ್ಟು ಸಂಭ್ರಮ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಬಿದ್ದು ಬಿದ್ದು ನಕ್ಕೆ. ಮಾರನೆಯ ದಿನದಿಂದ ನಿಯಮ ಬದಲಾಯಿಸಿದೆ: ಇವತ್ತು ಮೊದಲು ಬಂದವನೇ ನಾಳೆ ನನ್ನ ಕೈ ಮೇಲೆ ಬರೆಯುವವನು. ಆಮೇಲೆ ತಾಯಂದಿರ ಜಗಳ ಶುರುವಾಯಿತು. “ಮೇಷ್ಟ್ರ, ಹುಡುಗ ಉಣ್ಣಾಕ ಒಲ್ಲ ಅಂತಾನ್ರಿ. ಕೈ ತೊಳದ್ರ ಶ್ರೀ ಹೋಗತೈತಂತ!” ನಾಳೆ ಮತ್ತೆ ಬರೆಯೋಣ ಎಂದು ಒಬ್ಬೊಬ್ಬನನ್ನೂ ಒಪ್ಪಿಸುವಷ್ಟರಲ್ಲಿ ಸಾಕುಬೇಕಾಯಿತು.

ಸಿರುಗುಪ್ಪದವರು ನನ್ನನ್ನು ಸಾಧುಸ್ವಭಾವದ ಮೇಷ್ಟ್ರು ಎಂದರು. ಇಲ್ಲ ಸ್ವಾಮಿ, ಇಲ್ಲ. ಪ್ರತಿ ಶ್ರೀಯೂ ಆ ಮನುಷ್ಯನ ಮುಖಕ್ಕೆ ಹೊಡೆದ ಹಾಗೆ ನನಗೆ ಅನಿಸುತ್ತಿತ್ತು. ಮಕ್ಕಳಿಗೆ ಮಾತ್ರ ಅದರಿಂದ ಒಳ್ಳೆಯದೇ ಆಯಿತು, ನಾನೇಕೆ ಬೇಡ ಎನ್ನಲಿ?

ಕುರುಗೋಡಿಗೆ ಸರಕಾರದ ಶಾಲೆ ಬಂದ ಸುದ್ದಿ ಸಿಕ್ಕಿತು. ಅಲ್ಲಿಗೆ ಹೋದ ಮೊದಲ ಮೇಷ್ಟ್ರನ್ನು ಐನೋರು ಮಾತಿನಲ್ಲೇ ಚುಚ್ಚಿ ಓಡಿಸಿದ್ದರಂತೆ, ಬೇರೆ ಯಾರೂ ಹೋಗಲು ಒಪ್ಪುತ್ತಿರಲಿಲ್ಲ. ನಾನೇ ಕೇಳಿ ಅಲ್ಲಿಗೆ ವರ್ಗ ಹಾಕಿಸಿಕೊಂಡೆ. ಮೇಲಿನ ಅಧಿಕಾರಿಗಳು, “ಆ ಮುದುಕ ಯಾರನ್ನೂ ನಿಲ್ಲಗೊಡುವುದಿಲ್ಲವಲ್ಲಪ್ಪ” ಎಂದು ಅನುಮಾನಿಸಿದರು. “ಅದಕ್ಕೇ ಹೋಗುತ್ತೇನೆ” ಎಂದೆ.

ಗುಡಿಯ ಪಕ್ಕದ ಹಳೆಯ ಮಂಟಪದಲ್ಲಿ ನನ್ನ ಶಾಲೆ, ಅದೇ ಬೀದಿಯ ಇನ್ನೊಂದು ತುದಿಯಲ್ಲಿ ಐನೋರ ಕಟ್ಟೆ. ಮೊದಮೊದಲು ಅವರು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದರು, “ಹೋಗ್ರಲೇ, ಹುರಿಯಾಕಿ ಮಗ ಪುಟಾಣಿ ಹುರಿಯೂದು ಕಲಿಸ್ತಾನಂತ!” ಶ್ರೀ ಬರೆಸಿಕೊಂಡ ಹುಡುಗರು ಮನೆಗೆ ಹೋಗಿ ಅಂಗೈ ತೋರಿಸಿದರು. ಮಾರನೆಯ ದಿನ ಅಣ್ಣತಮ್ಮಂದಿರು ಬಂದರು, ಆಮೇಲೆ ಓಣಿಯವರು ಬಂದರು. ಐನೋರ ಕಟ್ಟೆಯಿಂದ ಒಬ್ಬೊಬ್ಬ ಹುಡುಗ ಎದ್ದು ಬಂದಾಗಲೂ ನನಗೆ ಹಾಲು ಕುಡಿದಷ್ಟು ಸಂತೋಷ. ಸಂಜೆ ಬೇಕೆಂದೇ ಅವರ ಮನೆಯ ಮುಂದೆ ಹಾದು, “ಐನೋರ, ಆರಾಮ ಅದೀರೇನ್ರಿ?” ಎಂದು ನಡು ಬಗ್ಗಿಸಿ ಕೈಮುಗಿಯುತ್ತಿದ್ದೆ. ಅವರು ಮುಖ ತಿರುಗಿಸುತ್ತಿದ್ದರು. ಮರುದಿನ ಇನ್ನಷ್ಟು ಬಗ್ಗಿ ಕೈಮುಗಿಯುತ್ತಿದ್ದೆ.

ಕೊನೆಗೊಂದು ದಿನ ಐನೋರ ಸೊಸೆ ತನ್ನ ಮಗನ ಕೈ ಹಿಡಿದು ಮಂಟಪದ ಮೆಟ್ಟಿಲಲ್ಲಿ ನಿಂತಳು.

“ಇವನ್ನೂ ಸೇರಿಸಿಕೊಳ್ರಿ ಮೇಷ್ಟ್ರ. ಕಟ್ಟಿಮ್ಯಾಲ ಬ್ಯಾರೆ ಯಾರೂ ಉಳದಿಲ್ರಿ. ಎಲ್ಲಾರ ಪೆಟ್ಟೂ ಇವನೊಬ್ಬನಾ ತಿನ್ನಾಕತ್ಯಾನ.”

ಹುಡುಗ ಒಳಗೆ ಬಂದವನೇ ಕೈ ಚಾಚಿ ಕಣ್ಣು ಮುಚ್ಚಿಕೊಂಡ. ಅಂಗೈ ತುಂಬ ಬಾಸುಂಡೆ. ನನ್ನ ಕೈ ಮೇಲೆ ಇದ್ದಂಥವೇ. ಮುದುಕ ತನ್ನ ಮೊಮ್ಮಗನನ್ನೂ ಬಿಟ್ಟಿರಲಿಲ್ಲ! ಕರುಣೆ ಬಂತು ಎನ್ನಲೇ? ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಅವತ್ತು ಸರದಿಯವನನ್ನು ಪಕ್ಕಕ್ಕೆ ನಿಲ್ಲಿಸಿ, ಆ ಹುಡುಗನ ಅಂಗೈ ಮೇಲೆ ನಾನೇ ಶ್ರೀ ಬರೆದೆ.

ಮಹಾನವಮಿ ಹತ್ತಿರ ಬಂತು. ಮಕ್ಕಳನ್ನು ಕೂಡಿಸಿಕೊಂಡು ಮೆರವಣಿಗೆಯ ಮಾತು ಹೇಳಿದೆ. “ನಮ್ಮ ಶಾಲೆಯ ಯಾವ ಹುಡುಗನ ಮನೆಯನ್ನೂ ದಾಟಿ ಹೋಗುವಂತಿಲ್ಲ. ಗುಡಿಸಲಿರಲಿ, ವಾಡೆಯಿರಲಿ, ನಿಂತು ಹಾಡಬೇಕು. ಹಾಡು ಮುಗಿದ ಮೇಲೆ ಆ ಮನೆಯ ಹಿರಿಯರು ನಮ್ಮೆಲ್ಲರ ಅಂಗೈ ಮೇಲೆ ಗಂಧ ಬರೆಯುತ್ತಾರೆ.” ಇಷ್ಟು ಹೇಳಿ ದಾರಿ ಹೇಳಿದೆ. ನಮ್ಮವ್ವನ ಅಂಗಳ ಮೊದಲು, ಆಮೇಲೆ ಇಂಥ ಓಣಿ, ಇಂಥ ಓಣಿ. ಐನೋರ ಮನೆಯ ಹೆಸರು ನನ್ನ ಬಾಯಿಂದ ಬರಲಿಲ್ಲ. ಒಬ್ಬ ಹುಡುಗ ಎದ್ದು ನಿಂತ.

“ಮೇಷ್ಟ್ರ, ಐನೋರ ಮೊಮ್ಮಗನೂ ನಮ್ಮ ಸಾಲಿ ಹುಡುಗ ಅಲ್ಲೇನ್ರಿ?”

ನಾನು ಹೆಣೆದ ಬಲೆಯಲ್ಲಿ ನಾನೇ ಸಿಕ್ಕಿಬಿದ್ದಿದ್ದೆ. ಚಿಕ್ಕಂದಿನಿಂದ ಬೇಡಿಕೊಂಡದ್ದು ಕೈಗೆ ಬರುವ ಹೊತ್ತಿಗೆ ನಾನೇ ಕಲಿಸಿದ ಮರ್ಯಾದೆ ಅಡ್ಡ ನಿಂತಿತ್ತು. ಮೊಮ್ಮಗ ತಲೆ ತಗ್ಗಿಸಿ ಉಗುರು ಕಚ್ಚುತ್ತಿದ್ದ. ಅವನ ಮನೆಯನ್ನು ದಾಟಿದರೆ ಅವನು ಆ ದಿನದ ನಾನಾಗುತ್ತಿದ್ದ, ನಾನು ಐನೋರಾಗುತ್ತಿದ್ದೆ. “ಹೌದಪ್ಪ, ಅವರ ಮನೆ ಕೊನೆಗೆ” ಎಂದು ಗೊಣಗಿ ಎದ್ದು ಬಂದೆ.

ಮನೆಗೆ ಬಂದು ಅವ್ವನ ಮುಂದೆ ಹಾರಾಡಿದೆ. ಆಕೆ ಮರಳು ಜರಡಿ ಹಿಡಿಯುತ್ತ ಎಲ್ಲ ಕೇಳಿಸಿಕೊಂಡಳು.

“ದಾಟಿ ಹೋದ್ರ ಅಂವಗೇನು ಗೊತ್ತಾಗತೈತಿ? ಬಾಗಲಾ ಹಾಕ್ಕೊಂಡು ಒಳಗ ಮಲಗತಾನ. ಹೋಗಿ ಮುಂದ ನಿಂದ್ರು. ನಿನ್ನ ಮಾರಿ ನೋಡ್ಲಿ. ನೋಡದಾ ಎಲ್ಲಿಗೆ ಹೊಕ್ಕಾನ?”

ಹಬ್ಬದ ದಿನ ಮಕ್ಕಳು ನಮ್ಮ ಅಂಗಳಕ್ಕೆ ಬಂದು ನಿಲ್ಲುವವರೆಗೂ ಅವ್ವ ಕಂಬಳಿ ಹಾಸಿರಲಿಲ್ಲ. ಒಮ್ಮೆ ಹಾಸಿದ್ದು ಸಾಕಾಗಿತ್ತು ಆಕೆಗೆ. ಹಾಡು ಶುರುವಾದ ಮೇಲೆ ಒಳಗೆ ಓಡಿ, ಕಂಬಳಿ ತಂದು, ಹರವಲು ಬಾರದವಳ ಹಾಗೆ ತಡಕಾಡಿದಳು. ಮಕ್ಕಳೇ ನಾಲ್ಕು ಮೂಲೆ ಹಿಡಿದು ಹಾಸಿ, ಆಕೆಯನ್ನೇ ಅದರ ಮೇಲೆ ಕೂಡಿಸಿದರು. ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಶ್ರೀ ಬರೆಯುವ ಬದಲು ಒಬ್ಬೊಬ್ಬರ ಅಂಗೈಗೂ ಗಂಧದ ಒಂದು ಚುಕ್ಕೆ ಇಟ್ಟಳು. ಸಾಹುಕಾರರ ಮನೆಯ ಹುಡುಗನೂ ಐನೋರ ಮೊಮ್ಮಗನೂ ಎರಡೂ ಕೈ ಜೋಡಿಸಿ ಚುಕ್ಕೆ ಇಡಿಸಿಕೊಂಡು ಆಕೆಯ ಕಾಲು ಮುಟ್ಟಿದರು. ಅಲ್ಲಿಂದ ಹೊರಡುವ ಮುನ್ನ, ಯಾರೂ ನೋಡದ ಹಾಗೆ ಭಟ್ಟಿಯ ಹತ್ತಿರ ಹೋಗಿ, ಮಗುಚಿಟ್ಟಿದ್ದ ಬಾಂಡಲಿಯ ತಳಕ್ಕೆ ಬಲಗೈಯನ್ನು ಒತ್ತಿ ಚೆನ್ನಾಗಿ ಉಜ್ಜಿದೆ.

ಊರೆಲ್ಲ ಸುತ್ತುವಾಗ ಆ ಮುಷ್ಟಿ ಬಿಚ್ಚಲಿಲ್ಲ. ಹಿರಿಯರು ಗಂಧ ಬರೆಯಲು ಬಂದರೆ, ಮಕ್ಕಳಿಗೆ ಬರೆಯಿರಿ, ನನಗೆ ಆಮೇಲೆ ಎನ್ನುತ್ತಿದ್ದೆ.

ಕೊನೆಗೆ ಆ ಕಟ್ಟೆ. ಸೊಸೆ ಗಂಧ ತೇಯ್ದು ಬಟ್ಟಲು ತುಂಬಿಸಿಟ್ಟಿದ್ದಳು. ಐನೋರು ಗೋಡೆಗೆ ಒರಗಿ ಕೂತಿದ್ದರು. ನಾವು ಬರುವುದಿಲ್ಲ ಎಂದೇ ಅವರು ತಿಳಿದಿದ್ದರೆಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಹಾಡು ಮುಗಿಯಿತು. ಮಕ್ಕಳು ಸಾಲಾಗಿ ಕೈ ಚಾಚಿದರು. ಯಾರೂ ಕಣ್ಣು ಮುಚ್ಚಿಕೊಳ್ಳಲಿಲ್ಲ. ಐನೋರು ಒಬ್ಬೊಬ್ಬರಿಗೂ ಶ್ರೀ ಬರೆದರು. ಮೊಮ್ಮಗನ ಅಂಗೈ ಬಂದಾಗ ಬೆರಳು ತುಸು ತಡೆಯಿತು. ಸಾಲು ಮುಗಿದ ಮೇಲೆ ನಾನು ಮುಂದೆ ಹೋಗಿ ಮುಷ್ಟಿ ಬಿಚ್ಚಿದೆ.

ಬೆವರಿಗೆ ಮಸಿ ಇನ್ನಷ್ಟು ಹರಡಿ ಅಂಗೈ ಕಾರ್ಗಪ್ಪಾಗಿತ್ತು. ಅವರು ಅದನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಮರೆತಿರಲಿಲ್ಲ. ಮರೆತಿದ್ದರೆ ಹಾಗೆ ಕಣ್ಣು ತಗ್ಗಿಸುತ್ತಿರಲಿಲ್ಲ.

“ಕರಿ ಅಂಗೈಯಾಗ ಶ್ರೀ ಹ್ಯಾಂಗ ಕಾಣ್ತೈತಿ ಅಂತ ಕೇಳಿದ್ರೆಲ್ಲ ಐನೋರ,” ಎಂದೆ. “ಬರೀರಿ. ನೋಡೂಣು.”

ಊರವರು ನಿಂತಿದ್ದರು, ಮಕ್ಕಳು ನಿಂತಿದ್ದರು. ಮೊಮ್ಮಗ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, “ತಗೋರಿ ತಾತ,” ಎಂದ. ಅವರು ಬೆರಳು ಅದ್ದಿದರು. ನಾನು ಕೈ ಮೇಲೆತ್ತಿ ಹಿಡಿದು ಸುಲಭ ಮಾಡಿಕೊಡಲಿಲ್ಲ, ಅವರೇ ಬಗ್ಗಿ ಬರೆಯಬೇಕಾಯಿತು. ಬರೆದು ಮುಗಿಸಿದಾಗ ನಾನು ಅಂಗೈಯನ್ನು ಮಕ್ಕಳ ಕಡೆ ತಿರುಗಿಸಿದೆ. ಬೆಳ್ಳಗಿನ ಕೈಗಳ ಮೇಲೆ ಗಂಧ ಇದೆಯೋ ಇಲ್ಲವೋ ಎಂಬಂತಿತ್ತು. ನನ್ನ ಕೈ ಮೇಲಿನ ಶ್ರೀ ಬೀದಿಯ ಆಚೆ ನಿಂತವರಿಗೂ ಕಾಣುತ್ತಿತ್ತು.

ಮನೆಗೆ ಬಂದಾಗ ಅವ್ವ ಇನ್ನೂ ಆ ಕಂಬಳಿಯ ಮೇಲೇ ಕೂತಿದ್ದಳು. ನಾನು ಅಂಗೈ ತೋರಿಸಿದೆ. ಚಿಕ್ಕಂದಿನಲ್ಲಿ ಸುಳ್ಳು ಹೇಳಿದ್ದ ಶ್ರೀಯನ್ನು ಮೊದಲ ಸಲ ನಿಜವಾಗಿ ತೋರಿಸಿದ್ದು ಅದು. ಆಕೆ ನನ್ನ ಕೈಯನ್ನು ಬೆಳಕಿಗೆ ಹಿಡಿದು, ಗಂಧಕ್ಕೆ ಬೆರಳು ತಾಗದ ಹಾಗೆ ಬಹಳ ಹೊತ್ತು ನೋಡಿದಳು.

“ಬರಿಯೂವಾಗ ಅಂವನ ಬೆರಳಿಗೆ ಮಸಿ ಹತ್ತಿತೇನು?” ಎಂದು ಕೇಳಿದಳು.

“ಹತ್ತಿತವ್ವ.”

“ಹತ್ಲಿ,” ಎಂದಳು ಅವ್ವ.